ಆತ್ಮ ಹೋಯಿತು, ಮನಸ್ಸು ಹೋಯಿತು, ಪ್ರಜ್ಞೆಯೂ ಹೋಯಿತು: ಮನೋವಿಜ್ಞಾನದ ಚರಿತ್ರೆಯನ್ನು ಹೀಗೆ ಕಲಿಸಬಹುದೇ?

ಬಿ.ಎಡ್. ಅಧ್ಯಾಪಕಿ, ಶಿವಮೊಗ್ಗ

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಬಿ.ಎಡ್. ವಿದ್ಯಾರ್ಥಿಗಳಿಗೆ ಶೈಕ್ಷಣಿಕ ಮನೋವಿಜ್ಞಾನ ಪಾಠ ಮಾಡುವ ನನ್ನನ್ನು ಪ್ರತಿ ವರ್ಷವೂ ಮೊದಲ ಘಟಕದಲ್ಲಿಯೇ ಕಾಡುವ ಪ್ರಶ್ನೆಯೊಂದನ್ನು ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಬಿ.ಎಡ್. ಓದಿದವರಿಗೆಲ್ಲ ವುಡ್‌ವರ್ತ್ ಹೆಸರಿನ ಈ ಮಾತು ಬಾಯಿಪಾಠವಾಗಿರುತ್ತದೆ: ಮನೋವಿಜ್ಞಾನವು ಮೊದಲು ಆತ್ಮವನ್ನು ಕಳೆದುಕೊಂಡಿತು, ಆಮೇಲೆ ಮನಸ್ಸನ್ನು, ಅದಾದ ಮೇಲೆ ಪ್ರಜ್ಞೆಯನ್ನು, ಈಗ ಅದರ ಬಳಿ ಒಂದು ಬಗೆಯ ವರ್ತನೆ ಮಾತ್ರ ಉಳಿದಿದೆ. ಇದರ ಬೆನ್ನಿಗೇ ಒಂದು ಕೋಷ್ಟಕ. ರಚನಾವಾದಕ್ಕೆ ವುಂಟ್, ಕಾರ್ಯವಾದಕ್ಕೆ ವಿಲಿಯಂ ಜೇಮ್ಸ್, ವರ್ತನಾವಾದಕ್ಕೆ ವಾಟ್ಸನ್, ಬಿಡಿ ಭಾಗಗಳಿಗಿಂತ ಒಟ್ಟು ಆಕೃತಿಯೇ ಮೊದಲು ಎನ್ನುವ ಗೆಸ್ಟಾಲ್ಟಿಗೆ ವರ್ಥೈಮರ್, ಮನೋವಿಶ್ಲೇಷಣೆಗೆ ಫ್ರಾಯ್ಡ್, ಮಾನವತಾವಾದಕ್ಕೆ ಮ್ಯಾಸ್ಲೊ ಮತ್ತು ರೋಜರ್ಸ್. ಕದಂಬರು ಹೋಗಿ ಚಾಲುಕ್ಯರು ಬಂದರು, ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬಂದರು ಎಂಬ ಧಾಟಿಯಲ್ಲಿಯೇ ವಿದ್ಯಾರ್ಥಿಗಳು ಇದನ್ನು ಉರು ಹೊಡೆಯುತ್ತಾರೆ.

ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ಈ ಸಾಲು ನಿಲ್ಲುವುದಿಲ್ಲ. 1909ರಲ್ಲಿ ಸ್ಟ್ಯಾನ್ಲಿ ಹಾಲ್ ಅವರ ಆಹ್ವಾನದ ಮೇಲೆ ಫ್ರಾಯ್ಡ್ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿ ವಿಲಿಯಂ ಜೇಮ್ಸ್ ಇದ್ದರು, ವುಂಟ್ ಅವರ ಶಿಷ್ಯ ಟಿಚ್ನರ್ ಕೂಡ ಇದ್ದರು. ವರ್ಥೈಮರ್ ಚಲನೆಯ ಗ್ರಹಿಕೆಯ ಕುರಿತ ಲೇಖನವನ್ನು ಪ್ರಕಟಿಸಿದ್ದು 1912ರಲ್ಲಿ. ವಾಟ್ಸನ್ ವರ್ತನಾವಾದದ ಘೋಷಣೆಯನ್ನು ಹೊರಡಿಸಿದ್ದು ಅದರ ಮರುವರ್ಷ. ಆಗ ವುಂಟ್ ಇನ್ನೂ ಬದುಕಿದ್ದರು. ಟಿಚ್ನರ್ 1927ರಲ್ಲಿ ತೀರಿಕೊಳ್ಳುವವರೆಗೂ ಕಾರ್ನೆಲ್‌ನಲ್ಲಿ ಪಾಠ ಮಾಡುತ್ತಲೇ ಇದ್ದರು. ಎಲ್ಲರೂ ಏಕಕಾಲದಲ್ಲಿ ಇದ್ದವರಾದ ಮೇಲೆ ಒಬ್ಬರ ನಂತರ ಒಬ್ಬರು ಬಂದರು ಎಂದು ಹೇಳುವುದು ಹೇಗೆ? ಈ ಕೋಷ್ಟಕವನ್ನು ಕೈಬಿಟ್ಟರೆ ಪಾಠವನ್ನು ಯಾವ ಎಳೆಯ ಮೇಲೆ ಕಟ್ಟಬಹುದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಉಪನ್ಯಾಸಕ, ಸಾಗರ

ಮೇಡಂ, ಮೊದಲಿಗೆ ಆ ವುಡ್‌ವರ್ತ್ ಮಾತಿನ ವಿಷಯ. ಅದು ವ್ಯಾಖ್ಯೆಯಲ್ಲ, ನಗೆಮಾತು. ಕೊಲಂಬಿಯಾ ವಿಶ್ವವಿದ್ಯಾಲಯದ ವುಡ್‌ವರ್ತ್ ತಮ್ಮ 1921ರ ಪಠ್ಯಪುಸ್ತಕದಲ್ಲಿ ಅದನ್ನು ಅಡಿಟಿಪ್ಪಣಿಗೆ ಹಾಕಿ, ಚೇಷ್ಟೆಯ ಟೀಕಾಕಾರರು ಕಟ್ಟಿದ ಮಾತು ಎಂದೇ ಕೊಟ್ಟಿದ್ದರು. ನಮ್ಮ ಗೈಡುಗಳು ಆ ಚೇಷ್ಟೆಯನ್ನು ಮೇಲಕ್ಕೆತ್ತಿ, ನಾಲ್ಕು ಮೆಟ್ಟಿಲುಗಳ ಚರಿತ್ರೆಯನ್ನಾಗಿ ಮಾಡಿ, ಐದು ಅಂಕದ ಪ್ರಶ್ನೆಯನ್ನಾಗಿಯೂ ಮಾಡಿಬಿಟ್ಟಿವೆ.

ಎರಡನೆಯದು ಇನ್ನೂ ಮುಖ್ಯ. ವುಂಟ್ ರಚನಾವಾದಿಯಲ್ಲ. ಲೈಪ್ಸಿಗ್‌ನಲ್ಲಿ 1879ರಲ್ಲಿ ಅವರು ಪ್ರಯೋಗಾಲಯ ಆರಂಭಿಸಿದ್ದು ನಿಜ. ಆದರೆ ಅನುಭವವನ್ನು ಸಂವೇದನೆ, ಬಿಂಬ, ಭಾವ ಎಂಬ ಮೂಲಧಾತುಗಳಾಗಿ ಒಡೆದು ಪಟ್ಟಿ ಮಾಡುವುದೇ ಮನೋವಿಜ್ಞಾನದ ಕೆಲಸ ಎಂದು ಹಠ ಹಿಡಿದವರು ಅವರ ಶಿಷ್ಯ ಟಿಚ್ನರ್. ಇಂಗ್ಲೆಂಡಿನಲ್ಲಿ ಹುಟ್ಟಿ, ಲೈಪ್ಸಿಗ್‌ನಲ್ಲಿ 1892ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಅಮೆರಿಕದ ಕಾರ್ನೆಲ್‌ಗೆ ಹೋದ ಈ ಟಿಚ್ನರ್ 1898ರ ಒಂದು ಲೇಖನದಲ್ಲಿ ಮನಸ್ಸು ಯಾವುದರಿಂದ ಆಗಿದೆ ಎಂದು ಕೇಳುವ ರಚನಾತ್ಮಕ ಮನೋವಿಜ್ಞಾನ ಮತ್ತು ಅದು ಏನು ಕೆಲಸ ಮಾಡುತ್ತದೆ ಎಂದು ಕೇಳುವ ಕಾರ್ಯಾತ್ಮಕ ಮನೋವಿಜ್ಞಾನ ಎಂಬ ಗಡಿಯನ್ನು ಎಳೆದರು. ವುಂಟ್ ತಮ್ಮ ನಿಲುವನ್ನು ಇಚ್ಛಾವಾದ ಎಂಬ ಅರ್ಥದ ಹೆಸರಿನಿಂದ ಕರೆದುಕೊಂಡಿದ್ದರು. ಮನಸ್ಸು ಬಂದದ್ದನ್ನು ಬಂದಂತೆ ಕೂಡಿಸುವ ಯಂತ್ರವಲ್ಲ, ಅದು ಇಚ್ಛಾಪೂರ್ವಕವಾಗಿ ಗಮನವನ್ನು ಹರಿಸಿ, ಬಿಡಿ ಅನುಭವಗಳನ್ನು ಹೊಸದೊಂದು ಒಟ್ಟಂದವಾಗಿ ಕಟ್ಟುತ್ತದೆ ಎಂಬುದು ಅವರ ವಾದದ ತಿರುಳು. ಅಷ್ಟೇ ಅಲ್ಲ, ಭಾಷೆ, ಪುರಾಣ, ಆಚಾರಗಳಂಥ ಉನ್ನತ ಮನೋವ್ಯಾಪಾರಗಳನ್ನು ಪ್ರಯೋಗಾಲಯದಲ್ಲಿ ಹಿಡಿಯಲಾಗದು ಎಂದು ಅವರು ನಂಬಿದ್ದರು. 1900ರಿಂದ 1920ರವರೆಗೆ ಹತ್ತು ಸಂಪುಟಗಳಲ್ಲಿ ಬರೆದ ಜನಾಂಗೀಯ ಮನೋವಿಜ್ಞಾನ ಅದಕ್ಕಾಗಿಯೇ ಹುಟ್ಟಿದ್ದು. ಆ ಹತ್ತು ಸಂಪುಟಗಳ ಮಾತು ನಮ್ಮ ಗೈಡುಗಳಲ್ಲಿ ಒಂದು ಸಾಲಿನಷ್ಟೂ ಇಲ್ಲ.

ಗುರುವಿನ ತಲೆಗೆ ಶಿಷ್ಯನ ಟೋಪಿ ಬಂದದ್ದು ಹೇಗೆಂದರೆ, ಇಂಗ್ಲಿಷಿನಲ್ಲಿ ಬಹುಕಾಲ ಪ್ರಮಾಣವೆನಿಸಿದ್ದ ಚರಿತ್ರೆಯನ್ನು 1929ರಲ್ಲಿ ಬರೆದವರು ಎಡ್ವಿನ್ ಬೋರಿಂಗ್. ಅವರು ಟಿಚ್ನರ್ ಅವರ ವಿದ್ಯಾರ್ಥಿ. 1970ರ ದಶಕದಿಂದ ಬ್ಲೂಮೆಂಥಾಲ್, ಡಾನ್ಸಿಗರ್ ಮೊದಲಾದವರು ಜರ್ಮನ್ ಮೂಲಗಳನ್ನು ಮತ್ತೆ ಓದಿ ಈ ಚಿತ್ರವನ್ನು ತಿದ್ದಿದರು. ಆ ತಿದ್ದುಪಡಿ ಇನ್ನೂ ನಮ್ಮ ಕೋಷ್ಟಕಗಳನ್ನು ತಲುಪಿಲ್ಲ.

ಎಳೆಯ ವಿಷಯಕ್ಕೆ ಬರುವುದಾದರೆ, ಪಂಥಗಳನ್ನು ಅವು ಏನನ್ನು ಕಳೆದುಕೊಂಡವು ಎಂಬುದರ ಮೇಲೆ ಜೋಡಿಸುವುದು ಬೇಡ. ಮನಸ್ಸಿನ ಬಗ್ಗೆ ಯಾವುದನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂಬ ಪ್ರಶ್ನೆಗೆ ಒಂದೊಂದು ಪಂಥವೂ ಕೊಟ್ಟ ಉತ್ತರದ ಮೇಲೆ ಜೋಡಿಸಿ ನೋಡಿ.

ಅಡಿಕೆ ಬೆಳೆಗಾರ, ಹೊಸನಗರ

ನಾನು ಈ ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನಲ್ಲ. ಓದುವ ಹವ್ಯಾಸದಿಂದ ತಿಳಿದದ್ದಷ್ಟೇ. ಮೇಷ್ಟ್ರಲ್ಲಿ ಒಂದು ಪ್ರಶ್ನೆ. ತನ್ನ ಅನುಭವವನ್ನು ತಾನೇ ನೋಡಿ ವರದಿ ಮಾಡುವ ಅಂತರಾವಲೋಕನ ಕೆಲಸಕ್ಕೆ ಬಾರದ ವಿಧಾನವೆಂದು ಎಲ್ಲ ಪುಸ್ತಕಗಳೂ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತವೆ. ಅದು ಸೋತದ್ದು ನಿಜವಾಗಿ ಎಲ್ಲಿ?

ಕೇಳುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಬೇಯಿಸಿ ಒಣಗಿಸಿದ ಕೆಂಪಡಿಕೆಯ ರಾಶಿಯ ಮುಂದೆ ಕುಳಿತು ಹಸ, ಬೆಟ್ಟೆ, ಗೊರಬಲು ಎಂಬ ದರ್ಜೆಗಳಾಗಿ ಆರಿಸುವ ಹಿರಿಯ ಹೆಂಗಸೊಬ್ಬರಿದ್ದಾರೆ. ಅವರ ಕೈ ನಿಲ್ಲುವುದೇ ಇಲ್ಲ. ಬಾಯಲ್ಲಿ ಊರಿನ ಸುದ್ದಿ ನಡೆದೇ ಇರುತ್ತದೆ, ಕಾಯಿ ಮಾತ್ರ ಸರಿಯಾದ ಬುಟ್ಟಿಗೇ ಬೀಳುತ್ತದೆ. ಇದು ಹಸವೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ‘ನೋಡಿದರೆ ಗೊತ್ತಾಗುತ್ತದಲ್ಲ’ ಎನ್ನುತ್ತಾರೆ. ಒತ್ತಾಯಿಸಿದರೆ ಬಣ್ಣ, ಮೈಯ ಸುಕ್ಕು, ತೂಕ ಎಂದು ಏನೋ ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಕೈಯ ವೇಗ ಕುಗ್ಗುತ್ತದೆ. ಹೇಳಿದ ಆ ಕಾರಣಗಳು ನಿಜವಾಗಿ ಆರಿಸುವಾಗ ಅವರ ಮನಸ್ಸಿನಲ್ಲಿ ಇದ್ದವೋ, ನಾನು ಕೇಳಿದ್ದಕ್ಕಾಗಿ ಆಗ ಹುಟ್ಟಿದವೋ ಎಂಬ ಅನುಮಾನ ನನಗೆ ಬಗೆಹರಿದಿಲ್ಲ.

ನಿವೃತ್ತ ಉಪನ್ಯಾಸಕ, ಸಾಗರ

ತಮ್ಮ ಅನುಮಾನವೇ 1901ರಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಹುಟ್ಟಿತು. ವುಂಟ್ ಅವರ ಶಿಷ್ಯರೇ ಆದ ಕ್ಯುಲ್ಪೆ ಅಲ್ಲಿ ಒಂದು ಗುಂಪನ್ನು ಕಟ್ಟಿದ್ದರು. ಆ ಗುಂಪಿನ ಮಾರ್ಬೆ ಎಂಬುವರು ಎರಡು ತೂಕಗಳನ್ನು ಕೈಗೆ ಕೊಟ್ಟು ಯಾವುದು ಭಾರ ಎಂದು ತೀರ್ಮಾನಿಸಲು ಹೇಳಿದರು. ತೀರ್ಮಾನಿಸುವ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನು ನಡೆಯಿತೆಂದು ವರದಿ ಮಾಡಲೂ ಹೇಳಿದರು. ತೀರ್ಮಾನ ಬಹುಮಟ್ಟಿಗೆ ಸರಿಯಾಗಿರುತ್ತಿತ್ತು. ಆದರೆ ಆ ತೀರ್ಮಾನ ಹೇಗೆ ಬಂತೆಂದು ತೋರಿಸುವ ಯಾವ ಬಿಂಬವೂ ಯಾವ ಸಂವೇದನೆಯೂ ವರದಿಯಲ್ಲಿ ಸಿಗಲಿಲ್ಲ. ಇದನ್ನೇ ಮುಂದೆ ಬಿಂಬರಹಿತ ಆಲೋಚನೆ ಎಂದು ಕರೆದರು.

ಟಿಚ್ನರ್ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ವೀಕ್ಷಕನಿಗೆ ಕಠಿಣ ತರಬೇತಿ ಬೇಕು. ಎದುರಿಗಿರುವ ವಸ್ತುವಿನ ಹೆಸರನ್ನು ಹೇಳಿದರೆ ಅದು ಪ್ರಚೋದಕ ದೋಷ. ತಾವು ಹೇಳಿದ ಹೆಂಗಸು ಕಾರ್ನೆಲ್‌ನಲ್ಲಿ ಕುಳಿತಿದ್ದರೆ ‘ಇದು ಬೆಟ್ಟೆ’ ಎನ್ನುವಂತೆಯೇ ಇರಲಿಲ್ಲ, ಇಂಥ ಗಾಢತೆಯ ಕಂದುಗೆಂಪು, ಬೆರಳಿಗೆ ಇಂಥ ಒರಟುತನ, ಇಷ್ಟು ಒತ್ತಡ ಎಂದು ಮಾತ್ರ ಹೇಳಬೇಕಾಗಿತ್ತು. ಹೀಗೆ ಪಳಗಿದ ಕಾರ್ನೆಲ್‌ನ ವೀಕ್ಷಕರು, ಆಲೋಚಿಸುವಾಗ ಕತ್ತಿನಲ್ಲೋ ಹುಬ್ಬಿನಲ್ಲೋ ಸೂಕ್ಷ್ಮ ಸಂವೇದನೆ ಇದ್ದೇ ಇರುತ್ತದೆ ಎಂದು ವರದಿ ಮಾಡಿದರು. ವೂರ್ಟ್ಸ್‌ಬುರ್ಗ್‌ನವರು ಇಲ್ಲವೆಂದರು. ವುಂಟ್ ಅವರಂತೂ ಆಲೋಚನೆಯನ್ನು ಹೀಗೆ ಪರೀಕ್ಷಿಸುವುದೇ ಪ್ರಯೋಗದ ಸೋಗು ಎಂದು ಎರಡೂ ಕಡೆಯವರಿಂದ ದೂರ ನಿಂತರು. ಇಬ್ಬರಲ್ಲಿ ಯಾರು ಸರಿ ಎಂದು ನಿರ್ಧರಿಸಲು ಮೂರನೆಯವರಿಗೆ ದಾರಿಯೇ ಇರಲಿಲ್ಲ, ಏಕೆಂದರೆ ಸಾಕ್ಷ್ಯವಿರುವುದು ಸಾಕ್ಷಿಯ ತಲೆಯೊಳಗೆ ಮಾತ್ರ. ಅಂತರಾವಲೋಕನ ಸೋತದ್ದು ಇಲ್ಲಿ. ಒಳಗನ್ನು ನೋಡಿಕೊಳ್ಳುವುದೇ ಅಸಾಧ್ಯವೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ. ಇಬ್ಬರು ನೋಡಿ ಬೇರೆ ಬೇರೆ ಹೇಳಿದಾಗ ತೀರ್ಪು ಕೊಡುವ ಬಗೆ ಇಲ್ಲದೇ ಹೋಯಿತು.

ಸ್ನಾತಕೋತ್ತರ ವಿದ್ಯಾರ್ಥಿ, ಶಂಕರಘಟ್ಟ

ಸರ್, ತಮ್ಮ ವಾದವನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಎಲ್ಲವೂ ಏಕಕಾಲದಲ್ಲಿತ್ತು, ಯಾವುದೂ ಯಾವುದನ್ನೂ ಸೋಲಿಸಲಿಲ್ಲ ಎಂಬ ಕಡೆಗೆ ಚರ್ಚೆ ಜಾರುವುದಕ್ಕೆ ನನ್ನ ಆಕ್ಷೇಪವಿದೆ. 1913ರ ನಂತರ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಿಜವಾದ ಅಧಿಕಾರ ಬದಲಾವಣೆ ನಡೆಯಿತು. ಮನೋವಿಜ್ಞಾನದ ಗುರಿ ವರ್ತನೆಯನ್ನು ಮುಂಗಾಣುವುದು ಮತ್ತು ನಿಯಂತ್ರಿಸುವುದು, ಅದರಲ್ಲಿ ಅಂತರಾವಲೋಕನಕ್ಕೆ ಜಾಗವಿಲ್ಲ ಎಂದು ವಾಟ್ಸನ್ ಸಾರಿದಾಗ ಅವರ ಕೈಯಲ್ಲಿ ಸಿದ್ಧ ಸಲಕರಣೆಗಳಿದ್ದವು. 1898ರಲ್ಲಿಯೇ ಥಾರ್ನ್‌ಡೈಕ್ ಒಗಟು ಪೆಟ್ಟಿಗೆಯೊಳಗೆ ಬೆಕ್ಕನ್ನು ಕೂಡಿ, ಅದು ಹೊರಬರಲು ತೆಗೆದುಕೊಂಡ ಕಾಲ ಪ್ರಯತ್ನದಿಂದ ಪ್ರಯತ್ನಕ್ಕೆ ಇಳಿಯುವುದನ್ನು ರೇಖಾಚಿತ್ರವಾಗಿ ಬರೆದಿದ್ದರು. ರಷ್ಯಾದಲ್ಲಿ ಪಾವ್ಲೋವ್ ನಾಯಿಯ ಜೊಲ್ಲನ್ನು ಹನಿ ಹನಿಯಾಗಿ ಎಣಿಸಿದ್ದರು. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ; ಅವರು ತಮ್ಮನ್ನು ಶರೀರಶಾಸ್ತ್ರಜ್ಞರೆಂದೇ ಕರೆದುಕೊಂಡರು ಎಂಬುದನ್ನು ಪ್ರಾಸಂಗಿಕವಾಗಿ ಹೇಳಿದೆ. ಬೆಕ್ಕಿನ ರೇಖೆಯನ್ನೂ ನಾಯಿಯ ಹನಿಯನ್ನೂ ಯಾರು ಬೇಕಾದರೂ ಎಣಿಸಬಹುದು. ಮೇಷ್ಟ್ರು ಹೇಳಿದ ತೀರ್ಪಿನ ಸಮಸ್ಯೆಗೆ ಇದು ನೇರ ಉತ್ತರವಾಗಿತ್ತು.

ಹಾಗೆಂದು ವರ್ತನಾವಾದದ ಒಳಗೂ ಎಲ್ಲರೂ ಒಂದೇ ಮಾತಿನವರಾಗಿರಲಿಲ್ಲ. ಟೋಲ್ಮನ್ ಮತ್ತು ಹಾನ್ಸಿಕ್ 1930ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ಇಲಿಗಳಿಗೆ ಮೊದಲ ಹತ್ತು ದಿನ ಚಕ್ರವ್ಯೂಹದ ಕೊನೆಯಲ್ಲಿ ಆಹಾರವನ್ನೇ ಇಡಲಿಲ್ಲ. ಅವು ಸುಮ್ಮನೆ ಅಲೆದಾಡಿದವು. ಹನ್ನೊಂದನೆಯ ದಿನದಿಂದ ಆಹಾರ ಇಟ್ಟಾಗ, ಮೊದಲಿನಿಂದಲೂ ಆಹಾರ ಪಡೆದ ಇಲಿಗಳನ್ನು ಅವು ಒಂದೆರಡು ದಿನಗಳಲ್ಲಿಯೇ ಸರಿಗಟ್ಟಿದವು. ಬಹುಮಾನ ಕೊಟ್ಟು ವರ್ತನೆಯನ್ನು ಗಟ್ಟಿಗೊಳಿಸುವ ಪುನರ್ಬಲನವಿಲ್ಲದೆಯೇ ಕಲಿಕೆ ನಡೆದಿತ್ತು, ಅದು ಹೊರಗೆ ಕಾಣಲು ಕಾರಣ ಬೇಕಿತ್ತು, ಅಷ್ಟೆ. 1948ರ ಹೊತ್ತಿಗೆ ಟೋಲ್ಮನ್ ಇಲಿಯ ತಲೆಯಲ್ಲಿ ಒಂದು ನಕ್ಷೆ ಇದೆ ಎಂದೇ ಬರೆದರು. ಮನಸ್ಸನ್ನು ಕಳೆದುಕೊಂಡಿತು ಎನ್ನಲಾದ ಪಂಥದ ಒಳಗಿನಿಂದಲೇ, ಇಲಿಯ ಓಟವನ್ನು ಸಾಕ್ಷ್ಯವಾಗಿಟ್ಟುಕೊಂಡು, ಮನಸ್ಸಿನ ನಕ್ಷೆಯ ಮಾತು ಬಂದಿತು. ಮೇಷ್ಟ್ರ ಸಾಕ್ಷ್ಯದ ಎಳೆಗೆ ಇದು ಬಲ ಕೊಡುತ್ತದೆ ಎಂದು ಒಪ್ಪುತ್ತೇನೆ.

ಆದರೆ ಆ ಎಳೆಯಲ್ಲಿ ಫ್ರಾಯ್ಡ್ ಅವರನ್ನು ಎಲ್ಲಿ ಪೋಣಿಸುತ್ತೀರಿ? ಒಂದು ಕೋಣೆ, ಒಬ್ಬ ರೋಗಿ, ಒಬ್ಬ ವೈದ್ಯ. ನಡೆದದ್ದಕ್ಕೆ ವೈದ್ಯರು ಆಮೇಲೆ ನೆನಪಿನಿಂದ ಬರೆದ ವೃತ್ತಾಂತವೊಂದೇ ಆಧಾರ. ಟಿಚ್ನರ್ ಅವರಿಗಿದ್ದ ತೊಡಕು ಇಲ್ಲಿ ಇಮ್ಮಡಿಯಾಗುತ್ತದೆ.

ಆಪ್ತ ಸಮಾಲೋಚಕಿ, ತೀರ್ಥಹಳ್ಳಿ

ಈ ಪ್ರಶ್ನೆಗೆ ಉತ್ತರ ಚಿಕಿತ್ಸಾ ಕೊಠಡಿಯ ಕಡೆಯಿಂದ ಬರಬೇಕು. ಪಠ್ಯದ ಚರಿತ್ರೆ ಪ್ರಯೋಗಾಲಯಗಳ ಸುತ್ತಲೇ ತಿರುಗುವುದರಿಂದ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಫ್ರಾಯ್ಡ್ ವಿಯೆನ್ನಾದಲ್ಲಿ ವೃತ್ತಿ ನಡೆಸುತ್ತಿದ್ದ ನರವೈದ್ಯರು. ಕನಸು, ಬಾಯಿತಪ್ಪಿ ಬಂದ ಮಾತು, ಮನಸ್ಸಿಗೆ ಬಂದದ್ದನ್ನು ತಡೆಯಿಲ್ಲದೆ ಹೇಳುವಾಗ ಮಾತು ನಿಂತುಹೋಗುವ ಜಾಗ, ಇವೆಲ್ಲ ಅವರಿಗೆ ಸಾಕ್ಷ್ಯ. ರೋಗಿ ತನ್ನ ಬಗ್ಗೆ ಏನು ಹೇಳುತ್ತಾನೋ ಅದನ್ನು ಹಾಗೆಯೇ ನಂಬಬಾರದು ಎಂಬ ವಿಷಯದಲ್ಲಿ ಫ್ರಾಯ್ಡ್ ಮತ್ತು ವಾಟ್ಸನ್ ಒಂದೇ ಕಡೆ ನಿಲ್ಲುತ್ತಾರೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ಬೆಚ್ಚಿ ಎದ್ದು ಕೂರುತ್ತಾರೆ. ಆದರೆ ಶಂಕರಘಟ್ಟದ ವಿದ್ಯಾರ್ಥಿ ಎತ್ತಿದ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಮೊದಲ ಗಟ್ಟಿ ಉತ್ತರ ಬಂದದ್ದು ಮಾನವತಾವಾದಿ ಎಂದು ನಾವು ಒಂದೇ ಪದದಲ್ಲಿ ಮುಗಿಸಿಬಿಡುವ ಕಾರ್ಲ್ ರೋಜರ್ಸ್ ಅವರಿಂದ. ಅವರು ಸಮಾಲೋಚನೆಯ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು, 1942ರಲ್ಲಿ ಒಂದು ಪ್ರಕರಣದ ಸಂಪೂರ್ಣ ಲಿಖಿತ ರೂಪವನ್ನು ಅಚ್ಚು ಹಾಕಿಸಿದರು. ಕೊಠಡಿಯೊಳಗೆ ಏನು ನಡೆಯಿತು ಎಂಬುದನ್ನು ಹೊರಗಿನವರು ಮೊದಲಿನಿಂದ ಕೊನೆಯವರೆಗೆ ಓದಿ, ಸಮಾಲೋಚಕ ಇಲ್ಲಿ ತಪ್ಪಿದ್ದಾನೆ ಎಂದು ಬೆರಳಿಟ್ಟು ತೋರಿಸುವುದು ಅದರಿಂದ ಸಾಧ್ಯವಾಯಿತು. ರೋಜರ್ಸ್ ಎಂದರೆ ಸಹಾನುಭೂತಿ, ಮ್ಯಾಸ್ಲೊ ಎಂದರೆ ಮನುಷ್ಯನ ಅಗತ್ಯಗಳ ತ್ರಿಕೋನ ಎಂದು ಮುಗಿಸುವ ನಮ್ಮ ಪಾಠಗಳಲ್ಲಿ ಆ ಧ್ವನಿಮುದ್ರಣ ಯಂತ್ರಕ್ಕೆ ಜಾಗವೇ ಇಲ್ಲ.

ಇನ್ನು ವರ್ತನಾವಾದ ಸತ್ತಿತೇ ಎಂದು ಕೇಳಿದರೆ ನನ್ನ ಕೆಲಸದಲ್ಲಿ ಅದು ದಿನವೂ ಜೀವಂತವಾಗಿದೆ. 1920ರಲ್ಲಿ ವಾಟ್ಸನ್ ಮತ್ತು ರೋಸಲಿ ರೇನರ್ ಒಂದು ಕೂಸಿನಲ್ಲಿ ಬಿಳಿ ಇಲಿಯ ಭಯವನ್ನು ಹುಟ್ಟಿಸಿದ ಪ್ರಯೋಗವನ್ನು ಎಲ್ಲರೂ ಹೇಳುತ್ತಾರೆ. ಆ ಭಯವನ್ನು ಅವರು ಹೋಗಲಾಡಿಸಲಿಲ್ಲ ಎಂಬುದನ್ನು ಕೆಲವರು ಹೇಳುತ್ತಾರೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಮಗುವಿನ ಮೊಲದ ಭಯವನ್ನು, ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಮೆಲ್ಲಮೆಲ್ಲಗೆ ಹತ್ತಿರ ತರುತ್ತಾ ಹೋಗಲಾಡಿಸಿದರು ಎಂಬುದನ್ನು ಹೇಳುವವರು ಬಹಳ ವಿರಳ. 1958ರಲ್ಲಿ ವೋಲ್ಪೆ ಈ ದಾರಿಯನ್ನೇ ಹಂತಹಂತದ ಚಿಕಿತ್ಸೆಯನ್ನಾಗಿ ವಿಸ್ತರಿಸಿದರು. ಘಾಟಿಯಲ್ಲಿ ಅಪಘಾತ ಕಂಡ ಮೇಲೆ ಬಸ್ಸು ಹತ್ತಲಾರೆ ಎನ್ನುವವರು ಬಂದಾಗ ನಾವು ಮಾಡುವುದೂ ಇದನ್ನೇ. ಮೊದಲ ವಾರ ಬಸ್ ನಿಲ್ದಾಣದವರೆಗೆ ಹೋಗಿ ಕುಳಿತು ಬರುವುದು, ಅದು ಸಲೀಸಾದ ಮೇಲೆ ಮೇಗರವಳ್ಳಿಯವರೆಗೆ, ಆಮೇಲೆ ಆಗುಂಬೆಯವರೆಗೆ. ಘಾಟಿಯ ಹದಿನಾಲ್ಕು ತಿರುವುಗಳು ಕಟ್ಟಕಡೆಗೆ. ಪ್ರತಿ ಹಂತದಲ್ಲಿಯೂ ಭಯ ನೂರಕ್ಕೆ ಎಷ್ಟಿದೆ ಎಂದು ಅವರನ್ನೇ ಕೇಳಿ ಬರೆದುಕೊಳ್ಳುತ್ತೇವೆ. ಆ ಅಂಕಿ ಅಂತರಾವಲೋಕನವಲ್ಲದೆ ಇನ್ನೇನು?

ಪ್ರೌಢಶಾಲಾ ಶಿಕ್ಷಕ, ಕೊಪ್ಪ

ಎಲ್ಲವನ್ನೂ ಆಸಕ್ತಿಯಿಂದ ಓದುತ್ತಿದ್ದೇನೆ. ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬರೆಯುವ ನಮ್ಮ ಕಡೆಯ ಹುಡುಗರ ಪರವಾಗಿ ಒಂದು ಲೌಕಿಕ ಪ್ರಶ್ನೆ. ರಚನಾವಾದದ ಪ್ರವರ್ತಕ ಯಾರು ಎಂದು ನಾಲ್ಕು ಆಯ್ಕೆ ಕೊಟ್ಟರೆ ಏನನ್ನು ಗುರುತಿಸಬೇಕು?

ಬಿ.ಎಡ್. ಅಧ್ಯಾಪಕಿ, ಶಿವಮೊಗ್ಗ

ಟಿಚ್ನರ್ ಹೆಸರಿದ್ದರೆ ಟಿಚ್ನರ್. ಆ ಹೆಸರಿಲ್ಲದೆ ವುಂಟ್ ಮಾತ್ರ ಇದ್ದರೆ ಅಂಕ ಬಿಡುವುದು ಬೇಡ, ವುಂಟ್ ಎಂದೇ ಗುರುತಿಸಲಿ. ವಿವರಣಾತ್ಮಕ ಉತ್ತರದಲ್ಲಿ ಮಾತ್ರ ಇಬ್ಬರನ್ನೂ ಬೇರ್ಪಡಿಸಿ ಬರೆಯಲು ಅಭ್ಯಾಸ ಮಾಡಿಸಿ.

ಸಮಾಲೋಚಕಿ ಅಕ್ಕನವರು ಜೋನ್ಸ್ ಅವರ ಹೆಸರೆತ್ತಿದ್ದು ಒಳ್ಳೆಯದಾಯಿತು. ನನ್ನ ತರಗತಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೋಷ್ಟಕದಲ್ಲಿ ಒಂದಾದರೂ ಹೆಣ್ಣಿನ ಹೆಸರಿಲ್ಲ. ಮೇರಿ ಕ್ಯಾಲ್ಕಿನ್ಸ್ ಹಾರ್ವರ್ಡ್‌ನಲ್ಲಿ ಡಾಕ್ಟರೇಟಿಗೆ ಬೇಕಾದುದೆಲ್ಲವನ್ನೂ 1895ರ ಹೊತ್ತಿಗೆ ಪೂರೈಸಿದರೂ ಹೆಂಗಸೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಹತ್ತು ವರ್ಷಗಳ ನಂತರ, 1905ರಲ್ಲಿ, ಅವರೇ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷೆಯಾದರು. ಟಿಚ್ನರ್ ಅವರ ಮೊದಲ ಡಾಕ್ಟರೇಟ್ ವಿದ್ಯಾರ್ಥಿ ಮಾರ್ಗರೆಟ್ ವಾಶ್‌ಬರ್ನ್. ಅದೇ ಟಿಚ್ನರ್ 1904ರಲ್ಲಿ ಕಟ್ಟಿದ ಪ್ರಯೋಗಶೀಲರ ಕೂಟಕ್ಕೆ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಯಾರ ವರದಿಯನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂಬ ಪ್ರಶ್ನೆಗೆ ಈ ಮುಖವೂ ಇದೆಯಲ್ಲವೇ?

ಮತ್ತೊಂದು ಕೋರಿಕೆ. ನಮ್ಮ ದೇಶಕ್ಕೆ, ಅದರಲ್ಲೂ ಕರ್ನಾಟಕಕ್ಕೆ, ಈ ಶಾಸ್ತ್ರ ಬಂದದ್ದು ಯಾವ ಪಂಥದ ಹಾದಿಯಲ್ಲಿ?

ನಿವೃತ್ತ ಉಪನ್ಯಾಸಕ, ಸಾಗರ

ಇದನ್ನು ಕೇಳಿದ್ದಕ್ಕೆ ಸಂತೋಷವಾಯಿತು, ಏಕೆಂದರೆ ಈ ಕಥೆಯನ್ನು ನಮ್ಮವರೇ ಹೇಳುವುದಿಲ್ಲ. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು 1905ರಲ್ಲಿ ಸಿದ್ಧಪಡಿಸಿದವರು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಶೀಲ್. ಅಲ್ಲಿ ವಿಭಾಗ ಆರಂಭವಾದದ್ದು 1916ರಲ್ಲಿ, ಎನ್. ಎನ್. ಸೇನ್‌ಗುಪ್ತ ಅವರ ನೇತೃತ್ವದಲ್ಲಿ. ಸೇನ್‌ಗುಪ್ತ ಹಾರ್ವರ್ಡ್‌ನಲ್ಲಿ ಮ್ಯೂನ್‌ಸ್ಟರ್‌ಬರ್ಗ್ ಅವರ ಬಳಿ ಓದಿದವರು. ಮ್ಯೂನ್‌ಸ್ಟರ್‌ಬರ್ಗ್ ಲೈಪ್ಸಿಗ್‌ನಲ್ಲಿ ವುಂಟ್ ಅವರ ಶಿಷ್ಯರು.

ಅದೇ ಶೀಲ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಅವರ ಅವಧಿಯಲ್ಲಿಯೇ, 1924ರಲ್ಲಿ, ಎಂ. ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಅವರು ಓದಿದ್ದು ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಸಾಮಾನ್ಯ ಅಂಶವನ್ನು ಗಣಿತದಿಂದ ಬಿಡಿಸಿ ತೋರಿಸಿದ ಸ್ಪಿಯರ್‌ಮನ್ ಅವರ ಬಳಿ. ಆ ಸ್ಪಿಯರ್‌ಮನ್ ಕೂಡ ಸೈನ್ಯ ಬಿಟ್ಟು ಬಂದು ಲೈಪ್ಸಿಗ್‌ನಲ್ಲಿ ವುಂಟ್ ಅವರ ಕೈಕೆಳಗೆ 1906ರಲ್ಲಿ ಡಾಕ್ಟರೇಟ್ ಪಡೆದವರೇ. ಕಲ್ಕತ್ತಕ್ಕೂ ಮೈಸೂರಿಗೂ ಲೈಪ್ಸಿಗ್ ನಡುವೆ ಒಬ್ಬೊಬ್ಬರೇ ಗುರುಗಳು. ಗೋಪಾಲಸ್ವಾಮಿಯವರನ್ನು ಕನ್ನಡಿಗರು ನೆನೆಯುವುದು ಮಾತ್ರ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ್ದಕ್ಕಾಗಿ. ಆಕಾಶವಾಣಿ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಪ್ರಯೋಗಾಲಯ ಕಟ್ಟಿದವರಿಗೆ ತಂತಿ, ಕವಾಟ, ಧ್ವನಿಯ ಅಳತೆಗಳ ಪರಿಚಯ ಇದ್ದೇ ಇರುತ್ತದೆ ಎಂದು ನಾನು ತಮಾಷೆಗೆ ಹೇಳುವುದುಂಟು.

ಫ್ರಾಯ್ಡ್ ಅವರ ಹಾದಿ ಬೇರೆ. ಕಲ್ಕತ್ತದ ವೈದ್ಯ ಗಿರೀಂದ್ರಶೇಖರ ಬೋಸ್ ಅವರು 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿ, ಫ್ರಾಯ್ಡ್ ಅವರೊಡನೆ ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಸಿದರು. ವಿರುದ್ಧ ಬಯಕೆಗಳು ಜೋಡಿಯಾಗಿಯೇ ಇರುತ್ತವೆ ಎಂಬ ತಮ್ಮದೇ ಸಿದ್ಧಾಂತವನ್ನು ಮುಂದಿಟ್ಟು, ಎಲ್ಲ ವಿಷಯಕ್ಕೂ ಗುರುವಿಗೆ ತಲೆಯಾಡಿಸದೆ ಉಳಿದರು. ಇನ್ನು ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಅದೂ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆದದ್ದು ಎಲ್ಲರಿಗೂ ಗೊತ್ತಿರುವ ವಿಷಯ.

ಅಡಿಕೆ ಬೆಳೆಗಾರ, ಹೊಸನಗರ

ಮೇಷ್ಟ್ರು ವುಂಟ್ ಅವರ ಹತ್ತು ಸಂಪುಟಗಳ ಮಾತೆತ್ತಿದಾಗಿನಿಂದ ಒಂದು ವಿಷಯ ತಲೆಯಲ್ಲಿದೆ. ನಮ್ಮ ಕಡೆ ಚೌಡಿಯ ಬನದಲ್ಲಿ ಹರಕೆಯ ದಿನ ಪಾತ್ರಿಯ ಮೈಮೇಲೆ ಬರುವುದುಂಟು. ಓದಿದ ಹುಡುಗರು ಅದನ್ನು ಕಾಯಿಲೆ ಎನ್ನುತ್ತಾರೆ. ಯಾವ ಪಂಥದ ಪ್ರಕಾರ ಅದು ಕಾಯಿಲೆ?

ಆಪ್ತ ಸಮಾಲೋಚಕಿ, ತೀರ್ಥಹಳ್ಳಿ

ಕಾಯಿಲೆ ಎಂದು ಸಾರಾಸಗಟಾಗಿ ಹೇಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಆವೇಶದ ಸ್ಥಿತಿಗಳಿಗೆ ಒಂದು ಸಂಕೇತವಿದೆ. ಆದರೆ ಅದು ಅನ್ವಯಿಸುವುದು ತಾನಾಗಿ ಬಯಸದೆ, ತಡೆಯಲಾಗದೆ, ಧಾರ್ಮಿಕವಾಗಿ ಅಥವಾ ಸಮುದಾಯ ಒಪ್ಪಿದ ಸಂದರ್ಭದ ಹೊರಗೆ ನಡೆದು ದಿನನಿತ್ಯದ ಬದುಕಿಗೆ ಅಡ್ಡಿಯಾದಾಗ ಮಾತ್ರ. ಹರಕೆಯ ದಿನ ಬನದಲ್ಲಿ ಪಾತ್ರಿಗೆ ಬರುವುದು ಆ ಸಂಕೇತದೊಳಗೆ ಬೀಳುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಅಡುಗೆಮನೆಯಲ್ಲಿ ವಾರಕ್ಕೆ ಮೂರು ಸಲ ಬರುತ್ತಿದ್ದರೆ ಮಾತ್ರ ನಾನು ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಅವಳೊಬ್ಬಳೊಡನೆ ಕುಳಿತು ಮಾತನಾಡುವುದಕ್ಕೂ ಅವಕಾಶ ಕೇಳುತ್ತೇನೆ.

ನಿವೃತ್ತ ಉಪನ್ಯಾಸಕ, ಸಾಗರ

ಸಮಾಲೋಚಕಿಯವರ ಮಾತಿಗೆ ನನ್ನದೊಂದು ಸೇರ್ಪಡೆ. ಅವರು ಕೊಟ್ಟದ್ದು ಕಾಯಿಲೆ ಹೌದೇ ಅಲ್ಲವೇ ಎಂಬುದಕ್ಕೆ ಉತ್ತರ. ಬನದಲ್ಲಿ ನಡೆಯುವುದು ಏನು ಎಂಬುದಕ್ಕೆ ಒಬ್ಬೊಬ್ಬ ವ್ಯಕ್ತಿಯನ್ನು ಪ್ರತ್ಯೇಕವಾಗಿ ಕೂರಿಸಿ ಅಳೆಯುವ ಯಾವ ಪಂಥದಲ್ಲಿಯೂ ಉತ್ತರ ಸಿಗದು; ಅಲ್ಲಿ ಡೋಲು, ಕಟ್ಟಲೆ, ಸುತ್ತ ನಿಂತ ಜನರ ನಿರೀಕ್ಷೆ ಎಲ್ಲವೂ ಸೇರಿಯೇ ಘಟನೆಯಾಗುತ್ತದೆ. ವುಂಟ್ ಎರಡು ಮನೋವಿಜ್ಞಾನಗಳು ಬೇಕೆಂದದ್ದು ಇದಕ್ಕೇ. ಅವರ ಸಂಪುಟಗಳಲ್ಲಿ ಆ ಕಾಲದ ಯುರೋಪಿನ ಮೇಲರಿಮೆ ಸಾಕಷ್ಟಿದೆ, ಜನಾಂಗಗಳನ್ನು ಮೆಟ್ಟಿಲುಗಳ ಮೇಲೆ ನಿಲ್ಲಿಸುವ ಚಾಳಿಯೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಪ್ರಶ್ನೆ ಮಾತ್ರ ಸರಿಯಾದದ್ದು.

ಸ್ನಾತಕೋತ್ತರ ವಿದ್ಯಾರ್ಥಿ, ಶಂಕರಘಟ್ಟ

ನೆನಪು, ಭಾಷೆ, ಆಲೋಚನೆಗಳನ್ನು ಅಭ್ಯಾಸ ಮಾಡುವ ಅರಿವಿನ ಮನೋವಿಜ್ಞಾನದ ಮಾತು ಇನ್ನೂ ಬರಲಿಲ್ಲ. 1956ರಲ್ಲಿ ಜಾರ್ಜ್ ಮಿಲ್ಲರ್ ಅಲ್ಪಾವಧಿ ಸ್ಮೃತಿಯ ಮಿತಿಯನ್ನು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಬರೆದರು. 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ, ವರ್ತನಾವಾದಿ ಸ್ಕಿನ್ನರ್ ಅವರ ಭಾಷಾ ಸಿದ್ಧಾಂತವನ್ನು ವಿಮರ್ಶಿಸಿ, ಹಿಂದೆಂದೂ ಕೇಳಿರದ ವಾಕ್ಯವನ್ನು ಮಗು ಹೇಳುವುದನ್ನು ಪುನರ್ಬಲನದಿಂದ ವಿವರಿಸಲಾಗದು ಎಂದು ವಾದಿಸಿದರು. 1967ರಲ್ಲಿ ನೈಸರ್ ಈ ಕ್ಷೇತ್ರಕ್ಕೆ ಹೆಸರಿಟ್ಟ ಪಠ್ಯವನ್ನು ಬರೆದರು. ಇದನ್ನು ಎಲ್ಲರೂ ಕ್ರಾಂತಿ ಎನ್ನುತ್ತಾರೆ. ಆದರೆ ಅದರ ಮುಖ್ಯ ಸಾಕ್ಷ್ಯ ಪ್ರತಿಕ್ರಿಯಾ ಕಾಲ. ಉತ್ತರಿಸಲು ಹಿಡಿದ ಕಾಲವನ್ನು ಅಳೆದು ಮನಸ್ಸಿನೊಳಗಿನ ಹಂತಗಳನ್ನು ಊಹಿಸುವ ಈ ಉಪಾಯವನ್ನು ನೆದರ್‌ಲ್ಯಾಂಡ್ಸಿನ ಡಾಂಡರ್ಸ್ 1868ರಲ್ಲಿಯೇ ಬಳಸಿದ್ದರು, ವುಂಟ್ ಅವರ ಪ್ರಯೋಗಾಲಯದಲ್ಲಿಯೂ ಅದು ದಿನನಿತ್ಯದ ಕೆಲಸವಾಗಿತ್ತು. ಹೊಸದಾಗಿ ಬಂದದ್ದು ಗಣಕ ಯಂತ್ರ, ಅದರೊಂದಿಗೆ ಮಾಹಿತಿ ಸಂಸ್ಕರಣೆ ಎಂಬ ಮಾದರಿ. ಹಾಗಾಗಿ ಮೇಷ್ಟ್ರ ವಾದಕ್ಕೆ ನಾನು ಎತ್ತಿದ ಆಕ್ಷೇಪವನ್ನು ವರ್ತನಾವಾದದ ಮಟ್ಟಿಗೆ ಉಳಿಸಿಕೊಂಡು, ಇಲ್ಲಿ ಮಾತ್ರ ಬಿಟ್ಟುಕೊಡುತ್ತೇನೆ.

ಬಿ.ಎಡ್. ಅಧ್ಯಾಪಕಿ, ಶಿವಮೊಗ್ಗ

ತಮ್ಮೆಲ್ಲರ ಮಾತಿನಿಂದ ಪಾಠದ ಸ್ವರೂಪ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಮಾರ್ಬೆ ಅವರ ತೂಕದ ಪ್ರಯೋಗವನ್ನು ತರಗತಿಯಲ್ಲಿಯೇ ಮಾಡಿಸಿ, ಇಬ್ಬರು ವಿದ್ಯಾರ್ಥಿಗಳ ವರದಿ ಹೊಂದದಿದ್ದಾಗ ಏನು ಮಾಡುತ್ತೀರಿ ಎಂದು ಕೇಳಿ, ಅಲ್ಲಿಂದ ಥಾರ್ನ್‌ಡೈಕ್ ಅವರ ಬೆಕ್ಕಿಗೆ, ಟೋಲ್ಮನ್ ಅವರ ಇಲಿಗೆ, ರೋಜರ್ಸ್ ಅವರ ಧ್ವನಿಮುದ್ರಣಕ್ಕೆ ಹೋಗುತ್ತೇನೆ. ಕಲಿಕಾ ಸಿದ್ಧಾಂತಗಳೆಂದು ಬೇರೆ ಘಟಕದಲ್ಲಿ ಕುಳಿತಿರುವ ಬೆಕ್ಕು, ನಾಯಿ, ಚಿಂಪಾಂಜಿಗಳೆಲ್ಲ ಈ ಚರಿತ್ರೆಯೊಳಗೇ ಬರುವುದರಿಂದ ಎರಡು ಘಟಕಗಳನ್ನು ಕೂಡಿಸಿಯೇ ಪಾಠ ಮಾಡಬಹುದು. ಗೆಸ್ಟಾಲ್ಟ್ ಒಂದು ಮಾತ್ರ ಇನ್ನೂ ಹೊರಗೆ ನಿಂತಿದೆ. ಕೋಹ್ಲರ್ ಅವರ ಸುಲ್ತಾನ್ ಎಂಬ ಚಿಂಪಾಂಜಿ ಎರಡು ಕೋಲುಗಳನ್ನು ಒಂದಕ್ಕೊಂದು ಸಿಕ್ಕಿಸಿ ಬಾಳೆಹಣ್ಣನ್ನು ಎಳೆದುಕೊಂಡದ್ದನ್ನು ಎಲ್ಲ ಬಿ.ಎಡ್. ವಿದ್ಯಾರ್ಥಿಗಳೂ ಬಲ್ಲರು. ಸಾಕ್ಷ್ಯ ಗಟ್ಟಿಯಾಗಿಯೇ ಇತ್ತು. ಹಾಗಿದ್ದೂ ಅದೊಂದು ಪಂಥವಾಗಿ ಏಕೆ ಮುಂದುವರಿಯಲಿಲ್ಲ? ಯಾರು ಅದನ್ನು ಸೋಲಿಸಿದರು?

ನಿವೃತ್ತ ಉಪನ್ಯಾಸಕ, ಸಾಗರ

ವಾದದಲ್ಲಿ ಅದನ್ನು ಯಾರೂ ಸೋಲಿಸಲಿಲ್ಲ ಮೇಡಂ. ಕಣ್ಣು ಬಿಡಿ ಚುಕ್ಕೆಗಳನ್ನು ಕಂಡು ಆಮೇಲೆ ಕೂಡಿಸುವುದಿಲ್ಲ, ಮೊದಲೇ ಒಂದು ಆಕೃತಿಯಾಗಿ ಕಾಣುತ್ತದೆ ಎಂಬ ಅವರ ಮಾತನ್ನು ಇಂದಿಗೂ ಗ್ರಹಿಕೆಯ ಯಾವ ಪಠ್ಯವೂ ಬಿಟ್ಟಿಲ್ಲ. ಎರಡು ದೀಪಗಳನ್ನು ತಕ್ಕ ಅಂತರದಲ್ಲಿ ಒಂದರ ನಂತರ ಒಂದು ಬೆಳಗಿಸಿದರೆ ಒಂದೇ ದೀಪ ಚಲಿಸಿದಂತೆ ಕಾಣುತ್ತದೆ ಎಂಬ ವರ್ಥೈಮರ್ ಅವರ ಪ್ರಯೋಗದಲ್ಲಿ ನೋಡಿದವರ ವರದಿಯೇ ಸಾಕ್ಷ್ಯ. ಆದರೆ ಅಲ್ಲಿ ಯಾರಿಗೂ ತರಬೇತಿ ಬೇಕಿಲ್ಲ, ಬಂದವರೆಲ್ಲ ಅದನ್ನೇ ಕಾಣುತ್ತಾರೆ. ಅಂತರಾವಲೋಕನದ ಜಗಳದಿಂದ ಹೊರಬರಲು ವಾಟ್ಸನ್ ಅವರದಲ್ಲದ ಇನ್ನೊಂದು ಬಾಗಿಲು ಇತ್ತೆಂದು ತಮ್ಮ ಪಾಠದಲ್ಲಿ ಗೆಸ್ಟಾಲ್ಟನ್ನು ಇಲ್ಲಿಯೇ ಸೇರಿಸಬಹುದು.

ಪಂಥ ಚದುರಿದ್ದು 1933ರಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ಯಹೂದಿಯಾದ ವರ್ಥೈಮರ್ ಜರ್ಮನಿ ಬಿಟ್ಟರು. ಕೋಹ್ಲರ್ ಯಹೂದಿಯಾಗಿರಲಿಲ್ಲ, ಆದರೂ ಆ ವರ್ಷದ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಯಹೂದಿ ಪ್ರಾಧ್ಯಾಪಕರ ವಜಾವನ್ನು ಖಂಡಿಸಿ ಬಹಿರಂಗವಾಗಿ ಬರೆದರು, ತಮ್ಮ ಸಂಸ್ಥೆಯನ್ನು ಉಳಿಸಿಕೊಳ್ಳಲು ಹೆಣಗಿ 1935ರಲ್ಲಿ ದೇಶ ತೊರೆದರು. ಗೆಸ್ಟಾಲ್ಟಿನ ಮೂರನೆಯ ಪ್ರಮುಖ ಕೊಫ್ಕಾ 1927ರಿಂದಲೇ ಅಮೆರಿಕದಲ್ಲಿದ್ದರು. ಅಲ್ಲಿ ಮೂವರಿಗೂ ನೆಲೆ ಸಿಕ್ಕಿದ್ದು ಎಲ್ಲಿ ಎಂಬುದನ್ನು ನೋಡಬೇಕು. ಕೊಫ್ಕಾ ಅವರಿಗೆ ಹೆಣ್ಣುಮಕ್ಕಳ ಸ್ಮಿತ್ ಕಾಲೇಜು, ಕೋಹ್ಲರ್ ಅವರಿಗೆ ಸ್ವಾರ್ತ್‌ಮೋರ್ ಕಾಲೇಜು. ಎರಡೂ ಮುಖ್ಯವಾಗಿ ಪದವಿ ಮಟ್ಟದ ಕಾಲೇಜುಗಳು. ವರ್ಥೈಮರ್ ಅವರು ನ್ಯೂಯಾರ್ಕಿನಲ್ಲಿ ದೇಶಭ್ರಷ್ಟ ವಿದ್ವಾಂಸರಿಗೆಂದೇ ನ್ಯೂ ಸ್ಕೂಲ್ ಸಂಸ್ಥೆಯಲ್ಲಿ ತೆರೆದಿದ್ದ ವಿಭಾಗ ಸೇರಿದರು. ಡಾಕ್ಟರೇಟ್ ವಿದ್ಯಾರ್ಥಿಗಳನ್ನು ಸಾಲುಸಾಲಾಗಿ ತಯಾರಿಸಿ ಬೇರೆ ವಿಶ್ವವಿದ್ಯಾಲಯಗಳಿಗೆ ಕಳುಹಿಸಲು ಟಿಚ್ನರ್ ಅವರಿಗೆ ಕಾರ್ನೆಲ್‌ನಲ್ಲಿ, ಸ್ಕಿನ್ನರ್ ಅವರಿಗೆ ಹಾರ್ವರ್ಡ್‌ನಲ್ಲಿ ಇದ್ದ ಅನುಕೂಲ ಇವರಿಗೆ ಸಿಗಲಿಲ್ಲ. ಕೊಫ್ಕಾ 1941ರಲ್ಲಿಯೂ ವರ್ಥೈಮರ್ 1943ರಲ್ಲಿಯೂ ತೀರಿಕೊಂಡರು. ಕೋಹ್ಲರ್ ಒಬ್ಬರೇ 1967ರವರೆಗೆ ಇದ್ದರು.